ಅಮ್ಮನ ಕೈ ತೊಳೆದು ಬಾ ಎಂದ ಬಾಸ್ ಕಥೆ: ಕೆಲಸಕ್ಕೆ ಜನರನ್ನು ಆರಿಸುವಾಗ ನಿಜಕ್ಕೂ ಉಪಯೋಗಕ್ಕೆ ಬರುವ ಪ್ರಶ್ನೆಗಳು ಯಾವುವು?

ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಚೆನ್ನಾಗಿ ಓದಿದ ಹುಡುಗನೊಬ್ಬ ದೊಡ್ಡ ಕಂಪನಿಯ ಸಂದರ್ಶನಕ್ಕೆ ಹೋಗುತ್ತಾನೆ. ಓದಿಸಿದ್ದು ಯಾರು ಎಂದು ನಿರ್ದೇಶಕರು ಕೇಳುತ್ತಾರೆ. ಅಮ್ಮ, ಬಟ್ಟೆ ಒಗೆದು ಓದಿಸಿದಳು ಎನ್ನುತ್ತಾನೆ. "ಇವತ್ತು ಮನೆಗೆ ಹೋಗಿ ಅಮ್ಮನ ಕೈ ತೊಳೆದು ನಾಳೆ ಬಾ" ಎನ್ನುತ್ತಾರೆ ಅವರು. ಮರುದಿನ ಹುಡುಗ ಕಣ್ಣೀರು ಹಾಕುತ್ತಾ ಬರುತ್ತಾನೆ, ಕೆಲಸ ಸಿಗುತ್ತದೆ. ಕೊನೆಗೆ "ಹತ್ತು ಜನರಿಗೆ ಕಳಿಸಿ" ಎಂಬ ಸಾಲು.

ಓದಿದರೆ ಗಂಟಲು ಕಟ್ಟುತ್ತದೆ, ಅದು ತಪ್ಪಲ್ಲ. ಆದರೆ ಇದನ್ನು ಕಳಿಸುವವರು "ಸಂದರ್ಶನ ಅಂದರೆ ಹೀಗಿರಬೇಕು" ಎಂದೂ ಸೇರಿಸುತ್ತಾರೆ. ಹಾಗಾಗಿ ಕಥೆಯನ್ನು ಪಕ್ಕಕ್ಕಿಟ್ಟು ಅದರೊಳಗಿನ ಪ್ರಶ್ನೆಯನ್ನು ಪರೀಕ್ಷೆ ಮಾಡೋಣ.

ಚುಟುಕಾಗಿ

ಹೇಳಿಕೆ: ಮನಸ್ಸು ಮುಟ್ಟುವ ಅಥವಾ ತಬ್ಬಿಬ್ಬು ಮಾಡುವ ಒಂದೇ ಪ್ರಶ್ನೆಯಿಂದ ಒಳ್ಳೆಯ ಕೆಲಸಗಾರರನ್ನು ಗುರುತಿಸಬಹುದು.

ವಾಸ್ತವ: ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಮಾಡಬೇಕಾದ ಕೆಲಸದ ಬಗ್ಗೆಯೇ ಇರುವ ಪ್ರಶ್ನೆಗಳನ್ನು, ಬಂದವರಿಗೆಲ್ಲ ಒಂದೇ ರೀತಿ ಕೇಳಿ, ಮೊದಲೇ ಬರೆದಿಟ್ಟ ಅಳತೆಯಲ್ಲಿ ಅಂಕ ಕೊಟ್ಟರೆ ಆಯ್ಕೆ ಹೆಚ್ಚು ಸರಿಯಾಗುತ್ತದೆ.

ಕಥೆಯಲ್ಲಿ ಏನು ಕೊರತೆ?

ಮೊದಲನೆಯದು, ಕಥೆಗೆ ಗುರುತೇ ಇಲ್ಲ. ಕಂಪನಿಯ ಹೆಸರಿಲ್ಲ, ಊರಿಲ್ಲ, ಇಸವಿ ಇಲ್ಲ.

ಎರಡನೆಯದು ಹೆಚ್ಚು ಮುಖ್ಯ. ಅಮ್ಮನ ಕೈ ತೊಳೆದವನು ಲೆಕ್ಕ ಸರಿಯಾಗಿ ಬರೆಯುತ್ತಾನೆಯೇ, ಗಿರಾಕಿ ಹತ್ತಿರ ತಾಳ್ಮೆಯಿಂದ ಮಾತಾಡುತ್ತಾನೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ. ತಾಯಿ ಇಲ್ಲದ ಹುಡುಗಿ ಬಂದರೆ ಏನು ಮಾಡುತ್ತೀರಿ? ಮನೆಯ ಕಷ್ಟವನ್ನು ಹೊರಗಿನವರ ಮುಂದೆ ಹೇಳಿಕೊಳ್ಳಲು ಇಷ್ಟವಿಲ್ಲದವರು ಕೆಟ್ಟ ಕೆಲಸಗಾರರೇ? ಕಥೆ ಲಕ್ಷಾಂತರ ಮೊಬೈಲಿಗೆ ಹೋದ ಮೇಲೆ ಉತ್ತರವೂ ಎಲ್ಲರಿಗೂ ಗೊತ್ತು. ನಾಳೆ ಯಾರಾದರೂ ಕೇಳಿದರೆ ಕೈ ತೊಳೆಯದವನೂ ತೊಳೆದೆ ಅನ್ನುತ್ತಾನೆ.

ನೊಣವಿನಕೆರೆಯಲ್ಲಿ ಒಂದು ಕೆಲಸ ಖಾಲಿ ಇದೆ ಎಂದುಕೊಳ್ಳಿ

ದೊಡ್ಡ ಕಂಪನಿಯ ಮಾತು ಬಿಡೋಣ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಕೊಬ್ಬರಿ ಕೊಳ್ಳುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ತೂಕ ಬರೆದು, ಲೆಕ್ಕ ಹಾಕಿ, ರೈತರಿಗೆ ಹಣ ಪಾವತಿ ಮಾಡುವ ಒಬ್ಬರು ಬೇಕು. ಇಬ್ಬರು ಬಂದಿದ್ದಾರೆ.

ಮೊದಲನೆಯವನು ಮಾತಿನಲ್ಲಿ ಚುರುಕು. ಮಾಲೀಕರು "ಯಾರ ಮಗನಪ್ಪಾ ನೀನು?" ಎಂದರೆ ತಕ್ಷಣ ಪರಿಚಯ ಸಿಗುತ್ತದೆ, ಅವರ ಚಿಕ್ಕಪ್ಪ ಮಾಲೀಕರ ಜೊತೆ ಓದಿದವರು. ಕಾಲು ಗಂಟೆ ನಗುನಗುತ್ತಾ ಮಾತು. ಎರಡನೆಯವಳು ಬಿ.ಕಾಂ. ಮುಗಿಸಿದ, ತುರುವೇಕೆರೆ ಕಡೆಯ ಹಳ್ಳಿಯ ಹುಡುಗಿ. ಕೇಳಿದ್ದಕ್ಕಷ್ಟೇ ಉತ್ತರ, ದನಿ ಸಣ್ಣದು. "ಮದುವೆ ಯಾವಾಗಮ್ಮ?" ಎಂಬ ಪ್ರಶ್ನೆಗೆ ತಲೆ ತಗ್ಗಿಸುತ್ತಾಳೆ.

ಕೆಲಸ ಯಾರಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು. ಆದರೆ ಈ ಎರಡೂ ಮಾತುಕತೆಯಲ್ಲಿ ಚೀಲದ ತೂಕ ಕಳೆದು ಲೆಕ್ಕ ಹಾಕಲು ಯಾರಿಗೆ ಬರುತ್ತದೆ ಎಂಬುದು ಒಮ್ಮೆಯಾದರೂ ಬಂತೇ? ಬರಲಿಲ್ಲ. ಹುಡುಗಿ ಕೆಲಸ ಕಳೆದುಕೊಂಡಳು. ಮುಂದೆ ಲೆಕ್ಕ ತಪ್ಪಿದರೆ ಮಾಲೀಕರು ದುಡ್ಡು ಕಳೆದುಕೊಳ್ಳುತ್ತಾರೆ, ತೂಕದ ಮೇಲೆ ರೈತರಿಗಿದ್ದ ನಂಬಿಕೆ ಹೋಗುತ್ತದೆ.

"ಮುಖ ನೋಡಿದರೆ ನನಗೆ ಗೊತ್ತಾಗುತ್ತೆ" ನಿಜವೇ?

ಹೀಗೆ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಇದನ್ನು ಪರೀಕ್ಷಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನಡೆಸಿದವರು ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್. ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಸಂದರ್ಶಿಸಿ, ಮುಂದಿನ ಸೆಮಿಸ್ಟರಿನಲ್ಲಿ ಅವರ ಅಂಕ ಎಷ್ಟಿರಬಹುದು ಎಂದು ಊಹಿಸಬೇಕಿತ್ತು. ಕೆಲವು ಕಡೆ ಒಂದು ಗುಟ್ಟು ಮಾಡಿದ್ದರು. ಉತ್ತರ ಕೊಡುವವರು ನಿಜ ಹೇಳದೆ, ಒಂದು ಯಾಂತ್ರಿಕ ನಿಯಮ ಹಿಡಿದು "ಹೌದು", "ಇಲ್ಲ" ಎನ್ನುತ್ತಿದ್ದರು.

ಸಂದರ್ಶಕರಿಗೆ ಅನುಮಾನವೇ ಬರಲಿಲ್ಲ ಎನ್ನಬಹುದು. ಅರ್ಥವಿಲ್ಲದ ಉತ್ತರಗಳನ್ನೇ ಜೋಡಿಸಿ "ಇವರು ಇಂಥವರು" ಎಂದು ಚಿತ್ರ ಕಟ್ಟಿಕೊಂಡರು. ಸಂದರ್ಶನವನ್ನೇ ಮಾಡದೆ ಹಳೆಯ ಅಂಕ ಮಾತ್ರ ನೋಡಿ ಮಾಡಿದ ಊಹೆ, ಸಂದರ್ಶನ ಮಾಡಿದ ನಂತರದ ಊಹೆಗಿಂತ ಹೆಚ್ಚು ಸರಿ ಇತ್ತು.

ಅಮೆರಿಕದ ಹ್ಯೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಆದದ್ದೂ ಇಂಥದ್ದೇ. ಸಂದರ್ಶನ ಮಾಡಿ 800 ಜನರ ಪಟ್ಟಿ ಮಾಡಿದ್ದರು, ಮೇಲಿನವರಲ್ಲಿ 150 ಜನರಿಗೆ ಸೀಟು ಸಿಕ್ಕಿತ್ತು. ಆಮೇಲೆ ಸರ್ಕಾರ ಇನ್ನೂ 50 ಸೀಟು ತುಂಬಲು ಹೇಳಿತು. ಅಷ್ಟರಲ್ಲಿ ಒಳ್ಳೆಯ ಕ್ರಮಾಂಕದವರೆಲ್ಲ ಬೇರೆ ಕಡೆ ಸೇರಿದ್ದರು. ಹಾಗಾಗಿ 700ರಿಂದ 800ರ ನಡುವೆ ಇದ್ದವರನ್ನು ಸೇರಿಸಿಕೊಂಡರು. ಓದಿನಲ್ಲಿ, ಆಸ್ಪತ್ರೆಯ ತರಬೇತಿಯಲ್ಲಿ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಸಂದರ್ಶನದಲ್ಲಿ ಹಿಂದೆ ಬಿದ್ದವರೂ ಅಷ್ಟೇ ಒಳ್ಳೆಯ ವೈದ್ಯರಾಗುವ ಹಾದಿಯಲ್ಲಿದ್ದರು.

ನಮ್ಮಂಥವರು, ಚೆನ್ನಾಗಿ ಮಾತಾಡುವವರು, ಪರಿಚಯದವರು ನಮಗೆ ಬೇಗ ಹಿಡಿಸುತ್ತಾರೆ. ಹಿಡಿಸಿದ ಮೇಲೆ ಉಳಿದ ಪ್ರಶ್ನೆಗಳನ್ನು ಸುಲಭ ಮಾಡಿಬಿಡುತ್ತೇವೆ. ನಾವು ಹೀಗೆ ಮಾಡುತ್ತಿದ್ದೇವೆ ಎಂಬುದು ನಮಗೇ ಗೊತ್ತಾಗುವುದಿಲ್ಲ.

ಒಗಟು ಪ್ರಶ್ನೆ, ಉಪ್ಪಿನ ಪರೀಕ್ಷೆ, ಕೈಬರಹ

"ಗೂಗಲ್ ಸಂದರ್ಶನದ ಪ್ರಶ್ನೆ, ಉತ್ತರ ಹೇಳಿದರೆ ನೀವು ಜೀನಿಯಸ್" ಎಂಬ ಫಾರ್ವರ್ಡ್ ಈಗಲೂ ತಿರುಗುತ್ತಿದೆ. ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತವೆ ಎಂಬಂಥ ಪ್ರಶ್ನೆ ಅದು. ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಕೊಟ್ಟ ಸಂದರ್ಶನದಲ್ಲಿ, ಇಂಥ ಒಗಟುಗಳಿಂದ ಕಾಲಹರಣವೇ ಹೊರತು ಏನೂ ತಿಳಿಯುವುದಿಲ್ಲ, ಕೇಳುವವರಿಗೆ ತಾವು ಬುದ್ಧಿವಂತರು ಅನ್ನಿಸುತ್ತದೆ ಅಷ್ಟೆ ಎಂಬ ಅರ್ಥದ ಮಾತು ಹೇಳಿದರು.

ಥಾಮಸ್ ಎಡಿಸನ್ ಅಭ್ಯರ್ಥಿಗಳಿಗೆ ಸೂಪ್ ಕೊಡುತ್ತಿದ್ದರಂತೆ, ರುಚಿ ನೋಡದೆ ಉಪ್ಪು ಹಾಕಿಕೊಂಡವರನ್ನು ಬೇಡ ಎನ್ನುತ್ತಿದ್ದರಂತೆ. ಇದೇ ಕಥೆ ಹೆನ್ರಿ ಫೋರ್ಡ್ ಹೆಸರಿನಲ್ಲೂ ಬರುತ್ತದೆ. ಒಂದೇ ಕಥೆ ಇಬ್ಬರು ದೊಡ್ಡವರ ಹೆಸರಿನಲ್ಲಿ ಓಡಾಡುತ್ತಿದ್ದರೆ ಎಚ್ಚರ ವಹಿಸುವುದು ಒಳ್ಳೆಯದು. ಎಡಿಸನ್ ಬಗ್ಗೆ ದಾಖಲೆ ಇರುವುದು ಬೇರೆ. ಅವರು ಅಭ್ಯರ್ಥಿಗಳಿಗೆ ಸುಮಾರು 150 ಸಾಮಾನ್ಯ ಜ್ಞಾನದ ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದರು. 1921ರಲ್ಲಿ ಅದು ಪತ್ರಿಕೆಗೆ ಬಂದು ದೊಡ್ಡ ಚರ್ಚೆಯಾಯಿತು. ಆ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೀನ್‌ಗೆ ಶಬ್ದದ ವೇಗ ಎಷ್ಟು ಎಂದು ಕೇಳಿದಾಗ, ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದರು.

ಕೈಬರಹ ನೋಡಿ ಗುಣ ಹೇಳುವುದು ಇನ್ನೊಂದು ನಂಬಿಕೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಆಯ್ಕೆಯ ವಿಧಾನಕ್ಕೂ ಮುಂದೆ ಮಾಡಿದ ಕೆಲಸಕ್ಕೂ ಎಷ್ಟು ಹೊಂದಿಕೆ ಎಂಬುದೇ ಅವರ ಅಳತೆ. 0 ಎಂದರೆ ನಾಣ್ಯ ಚಿಮ್ಮಿದ ಹಾಗೆ, 1 ಎಂದರೆ ಪೂರ್ತಿ ಸರಿ. ಕೈಬರಹಕ್ಕೆ ಸಿಕ್ಕಿದ್ದು 0.02. ಎಷ್ಟು ವರ್ಷ ಅನುಭವ ಎಂಬುದಕ್ಕೆ 0.18.

2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಈ ಲೆಕ್ಕವನ್ನು ಮತ್ತೆ ಮಾಡಿದರು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.19. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇಟ್ಟ ಸಂದರ್ಶನಕ್ಕೆ 0.42. ಕೇಳುವ ಕ್ರಮ ಬದಲಾದದ್ದಕ್ಕೇ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಹಾಗೆಂದು 0.42 ಕೂಡ 1 ಅಲ್ಲ, ಒಳ್ಳೆಯ ಸಂದರ್ಶನವೂ ಕೆಲವೊಮ್ಮೆ ತಪ್ಪುತ್ತದೆ.

ಕೊಬ್ಬರಿ ಆರಿಸುವವರಿಗೆ ಇದು ಹೊಸದಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ವಸ್ತುವಿನ ವಿಷಯದಲ್ಲಿ ಇದನ್ನು ಮಾಡುತ್ತಲೇ ಬಂದಿದ್ದಾರೆ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು ಬರುತ್ತದೆ. ಕಾಯಿ ಆಯಿತೋ ಇಲ್ಲವೋ ಎಂದು ನೋಡುವುದು ಆ ಸದ್ದಿನಿಂದ. ಮಾರುವಾಗಲೂ ಗಿಟುಕಿನ ಗಾತ್ರ, ಒಣಗಿದ ಬಗೆ, ಕೌಟು ಹಿಡಿದಿದೆಯೇ ಎಂಬುದನ್ನು ನೋಡಿ ದರ ಕಟ್ಟುತ್ತಾರೆ. ಮಟ್ಟೆಯ ಬಣ್ಣ ನೋಡಿ ಯಾರೂ ಕೊಬ್ಬರಿ ಕೊಳ್ಳುವುದಿಲ್ಲ.

ಕಾಯಿ ಸುಲಿಯುವವರನ್ನು ಕರೆಯುವಾಗಲೂ ಅಷ್ಟೇ. "ನಿಮ್ಮ ದೌರ್ಬಲ್ಯ ಏನು?" ಎಂದು ಯಾರೂ ಕೇಳುವುದಿಲ್ಲ. "ಹತ್ತು ಕಾಯಿ ಸುಲಿಯಪ್ಪಾ, ನೋಡೋಣ" ಅನ್ನುತ್ತಾರೆ. ಮರ ಹತ್ತುವ ಕೆಲಸಕ್ಕೂ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ "ತೆಂಗಿನ ಮರದ ಸ್ನೇಹಿತರು" ತರಬೇತಿಯಲ್ಲಿ ಯಂತ್ರ ಹಾಕಿಕೊಂಡು ಹತ್ತಿಯೇ ಕಲಿಯಬೇಕು. ಮೇಜು, ಕುರ್ಚಿ, ಕಂಪ್ಯೂಟರಿನ ಕೆಲಸ ಬಂದಾಗ ಮಾತ್ರ ನಾವು ಈ ಬುದ್ಧಿಯನ್ನು ಮರೆತು "ನಿಮ್ಮ ಬಗ್ಗೆ ಹೇಳಿ" ಅನ್ನುತ್ತೇವೆ.

ಹಾಗಾದರೆ ಏನು ಕೇಳಬೇಕು?

ಮೊದಲು ಪ್ರಶ್ನೆ ಬರೆಯಬೇಡಿ, ಕೆಲಸ ಬರೆಯಿರಿ. ಈ ಹುದ್ದೆಯವರು ಸೋಮವಾರದಿಂದ ಶನಿವಾರದವರೆಗೆ ಮಾಡುವ ಮುಖ್ಯ ಕೆಲಸ ನಾಲ್ಕೈದು ಇರುತ್ತವೆ. ನಮ್ಮ ಕೊಬ್ಬರಿ ಅಂಗಡಿಗೆ ಅವು: ತೂಕ ಬರೆದು ಲೆಕ್ಕ ಹಾಕುವುದು, ಮಾಲು ಗುರುತಿಸುವುದು, ರೈತರ ಜೊತೆ ಮಾತು, ಹಣದ ವಿಷಯದಲ್ಲಿ ಪ್ರಾಮಾಣಿಕತೆ. ಒಂದೊಂದಕ್ಕೂ ಒಂದು ಪ್ರಶ್ನೆ ಸಾಕು.

*1. ಮಾಡಿ ತೋರಿಸಿ ಎನ್ನುವ ಪ್ರಶ್ನೆ.* ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಕೊಡಿ. "ಒಬ್ಬ ರೈತರು 12 ಚೀಲ ಕೊಬ್ಬರಿ ತಂದಿದ್ದಾರೆ. ಒಟ್ಟು ತೂಕ 546 ಕೆ.ಜಿ. ಖಾಲಿ ಚೀಲ ಒಂದಕ್ಕೆ ಅರ್ಧ ಕೆ.ಜಿ. ದರ ಕ್ವಿಂಟಾಲ್‌ಗೆ 12,100 ರೂಪಾಯಿ. ಅವರಿಗೆ ಎಷ್ಟು ಕೊಡಬೇಕು?" 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಅದು. ಉತ್ತರ: ಚೀಲದ 6 ಕೆ.ಜಿ. ಕಳೆದು 540 ಕೆ.ಜಿ., ಅಂದರೆ 65,340 ರೂಪಾಯಿ. ಐದು ನಿಮಿಷದ ಈ ಲೆಕ್ಕ, ಕಾಲು ಗಂಟೆಯ ಹರಟೆಗಿಂತ ಹೆಚ್ಚು ಹೇಳುತ್ತದೆ. ಹತ್ತು ಗಿಟುಕು ಮುಂದಿಟ್ಟು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡಲು ಹೇಳುವುದೂ ಇದೇ ಜಾತಿಯ ಪ್ರಶ್ನೆ.

*2. ಹಿಂದೆ ಏನು ಮಾಡಿದಿರಿ ಎಂಬ ಪ್ರಶ್ನೆ.* "ನೀವು ಪ್ರಾಮಾಣಿಕರೇ?" ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಬದಲಿಗೆ "ನೀವೇ ಮಾಡಿದ ಒಂದು ತಪ್ಪು ನಿಮಗೆ ಮೊದಲು ಗೊತ್ತಾದ ಸಂದರ್ಭ ಹೇಳಿ. ಆಮೇಲೆ ಏನು ಮಾಡಿದಿರಿ? ಯಾರಿಗೆ ಹೇಳಿದಿರಿ?" ಎಂದು ಕೇಳಿ. ಹೊಸಬರಾದರೆ ಕಾಲೇಜು, ಮನೆಯ ವ್ಯವಹಾರ, ಸ್ತ್ರೀಶಕ್ತಿ ಸಂಘದ ಲೆಕ್ಕ, ಊರ ಹಬ್ಬದ ಚಂದಾ ಯಾವುದಾದರೂ ಆಗಬಹುದು ಎಂದು ಮೊದಲೇ ಹೇಳಿ. ಇಲ್ಲವಾದರೆ ಅನುಭವ ಇಲ್ಲದವರು ಸುಮ್ಮನಾಗಿಬಿಡುತ್ತಾರೆ.

*3. ಹೀಗಾದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ.* "ರೈತರೊಬ್ಬರು ಬಂದು, ಮನೆಯಲ್ಲಿ ತೂಗಿದಾಗ ಎರಡು ಕೆ.ಜಿ. ಜಾಸ್ತಿ ಇತ್ತು ಎಂದು ಎಲ್ಲರ ಎದುರು ಜೋರು ಮಾಡುತ್ತಿದ್ದಾರೆ. ಮಾಲೀಕರು ಊರಲ್ಲಿಲ್ಲ. ಏನು ಮಾಡುತ್ತೀರಿ?" ಇದು ಅಂಗಡಿಯಲ್ಲಿ ನಿಜಕ್ಕೂ ಆಗುವ ವಿಷಯ. ಆದ್ದರಿಂದ ಉತ್ತರವೂ ಕೆಲಸಕ್ಕೆ ಬರುತ್ತದೆ.

ಉತ್ತರಕ್ಕೆ ಅಂಕ ಮೊದಲೇ ಬರೆದಿಡಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಒಳ್ಳೆಯ ಉತ್ತರ ಯಾವುದು ಎಂದು ಅಭ್ಯರ್ಥಿ ಬರುವ ಮೊದಲೇ ಬರೆಯಬೇಕು. ತೂಕದ ಜಗಳದ ಪ್ರಶ್ನೆಗೆ ಹೀಗೆ:

- 1 ಅಂಕ: "ನಮ್ಮ ತಕ್ಕಡಿ ಸರಿ ಇದೆ, ಬೇಕಾದರೆ ಬೇರೆ ಕಡೆ ಹೋಗಿ ಅಂತೀನಿ."
- 3 ಅಂಕ: ಸಮಾಧಾನ ಮಾಡಿ, ಮಾಲೀಕರು ಬರುವವರೆಗೆ ಕಾಯಲು ಹೇಳುತ್ತಾರೆ.
- 5 ಅಂಕ: ಕೂರಿಸಿ, ಅವರ ಎದುರೇ ಮತ್ತೊಮ್ಮೆ ತೂಗಿ, ಚೀಲದ ತೂಕ ಕಳೆದದ್ದನ್ನು ಚೀಟಿಯಲ್ಲಿ ತೋರಿಸಿ, ತಪ್ಪಿದ್ದರೆ ಸರಿಪಡಿಸಿ, ಮಾಲೀಕರಿಗೂ ತಿಳಿಸುತ್ತಾರೆ.

ಒಂದು ಉತ್ತರಕ್ಕೆ ಅಂಕ ಬರೆದ ಮೇಲೆಯೇ ಮುಂದಿನ ಪ್ರಶ್ನೆಗೆ ಹೋಗಿ. ಇಬ್ಬರು ಕೂತಿದ್ದರೆ ಇಬ್ಬರೂ ಬೇರೆ ಬೇರೆ ಬರೆಯಿರಿ, ಆಮೇಲೆ ಹೋಲಿಸಿ.

ಈ ಕ್ರಮಕ್ಕೆ ಒಂದು ಇತಿಹಾಸ ಇದೆ. ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ 1950ರ ದಶಕದ ಮಧ್ಯದಲ್ಲಿ, 21ನೇ ವಯಸ್ಸಿಗೆ, ಇಸ್ರೇಲ್ ಸೇನೆಯ ಸಂದರ್ಶನ ಕ್ರಮವನ್ನು ಬದಲಿಸಿದರು. ಹಳೆಯ ಹರಟೆಯ ಸಂದರ್ಶನ ಬಹುಮಟ್ಟಿಗೆ ವ್ಯರ್ಥ ಎಂದು ಆಗಲೇ ಗೊತ್ತಾಗಿತ್ತು. ಅವರು ಆರು ಗುಣಗಳನ್ನು ಆರಿಸಿ, ಒಂದೊಂದಕ್ಕೂ ಹಿಂದಿನ ಜೀವನದ ನಿಜ ಸಂಗತಿ ಕೇಳಿ, ಒಂದೊಂದಕ್ಕೂ ಪ್ರತ್ಯೇಕ ಅಂಕ ಕೊಡಲು ಹೇಳಿದರು. ಸಂದರ್ಶಕರು ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಿಟ್ಟಾದರು. ಎಲ್ಲ ಅಂಕ ಬರೆದ ಮೇಲೆ ಕಣ್ಣು ಮುಚ್ಚಿ, ಈತ ಹೇಗೆ ಸೈನಿಕನಾಗಬಹುದು ಎಂದು ನಿಮ್ಮ ಮನಸ್ಸಿಗೆ ತೋರಿದ ಅಂಕವನ್ನೂ ಕೊಡಿ ಎಂದರು ಕಾನೆಮನ್. ಫಲಿತಾಂಶ ನೋಡಿದರೆ ಆರು ಅಂಕಗಳ ಮೊತ್ತವೂ ಕೆಲಸ ಮಾಡಿತ್ತು, ಕೊನೆಯ ಅನಿಸಿಕೆಯ ಅಂಕವೂ ಅಷ್ಟೇ ಚೆನ್ನಾಗಿತ್ತು. ನಿಮ್ಮ ಅನಿಸಿಕೆಗೂ ಜಾಗ ಇದೆ. ಆದರೆ ಅದು ಕೊನೆಯಲ್ಲಿ ಬರಬೇಕು.

ಸರ್ಕಾರಿ ಕೆಲಸಗಳಲ್ಲಿ ಕಲಿತ ಪಾಠ

ಸಂದರ್ಶನದ ಅಂಕಕ್ಕೆ ಎಷ್ಟು ತೂಕ ಎಂಬುದು ನಮ್ಮ ರಾಜ್ಯದಲ್ಲಿ ಹಳೆಯ ಜಗಳ. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳ ಆಯ್ಕೆಯಲ್ಲಿ ಮೈಸೂರು ರಾಜ್ಯ ಸಂದರ್ಶನದ ಅಂಕ ಇಟ್ಟಿದ್ದು ಸುಪ್ರೀಂ ಕೋರ್ಟಿಗೆ ಹೋಗಿ, 1964ರ ಚಿತ್ರಲೇಖಾ ಪ್ರಕರಣವಾಯಿತು. ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಒಟ್ಟು ಅಂಕದ ಮೂರನೇ ಒಂದು ಭಾಗ ಸಂದರ್ಶನಕ್ಕೆ ಇಡುವುದು ಸರಿಯಲ್ಲ ಎಂದು ಹೇಳಿ ಶೇ. 15ರ ಮಿತಿ ಸೂಚಿಸಿತು.

ಕರ್ನಾಟಕ ಲೋಕಸೇವಾ ಆಯೋಗದ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮದ ದೂರು ಬಂದು 2013ರಲ್ಲಿ ಸಿಐಡಿ ತನಿಖೆ ನಡೆಯಿತು. ಸುಧಾರಣೆ ಸೂಚಿಸಲು ಅದೇ ವರ್ಷ ಪಿ.ಸಿ. ಹೋಟಾ ಸಮಿತಿ ರಚನೆಯಾಯಿತು. ಹಿಂದೆ 200 ಅಂಕಗಳಿದ್ದ ಸಂದರ್ಶನ 2024ರ ಅಧಿಸೂಚನೆಯ ಹೊತ್ತಿಗೆ 25ಕ್ಕೆ ಇಳಿದಿತ್ತು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ, ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದಿದೆ. ಈ ಹುದ್ದೆಗಳಿಗೆ "ಇಂಟರ್‌ವ್ಯೂ ಪಾಸ್ ಮಾಡಿಸಿಕೊಡುತ್ತೇವೆ" ಎಂದು ಯಾರಾದರೂ ದುಡ್ಡು ಕೇಳಿದರೆ ಅದು ಮೋಸ ಎಂದು ಇದರಿಂದಲೇ ತಿಳಿಯಬಹುದು.

ಕೇಳಬಾರದ ಪ್ರಶ್ನೆಗಳು

"ನಮ್ಮವರೇನಾ?", "ಮದುವೆ ಯಾವಾಗ?", "ಮಗು ಆದ ಮೇಲೆ ಕೆಲಸ ಬಿಡ್ತೀಯೇನಮ್ಮ?" ಇವು ನಮ್ಮಲ್ಲಿ ಮಾತಿನ ನಡುವೆ ಸಹಜವಾಗಿ ಬಂದುಬಿಡುತ್ತವೆ. ಕೆಲಸಕ್ಕೂ ಇವಕ್ಕೂ ಸಂಬಂಧ ಇಲ್ಲ. ಒಂದೇ ಬಗೆಯ ಕೆಲಸಕ್ಕೆ ಆರಿಸುವಾಗ ಹೆಣ್ಣು ಎಂಬ ಕಾರಣಕ್ಕೆ ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನು ಮುಂದುವರಿಸಿದೆ. ಸಂಜೆ ಏಳರವರೆಗೆ ಇರಬೇಕು ಎಂಬುದು ನಿಮ್ಮ ಚಿಂತೆಯಾದರೆ ಅದನ್ನೇ ಎಲ್ಲರಿಗೂ ಕೇಳಿ: "ಸಂತೆಯ ದಿನ ಸಂಜೆ ಏಳರವರೆಗೆ ಕೆಲಸ ಇರುತ್ತದೆ, ಆಗುತ್ತದೆಯೇ?"

ಹಂಚುವುದಾದರೆ ಇದನ್ನು ಹಂಚಿ

1. ಕೆಲಸದ ನಾಲ್ಕೈದು ಮುಖ್ಯ ಭಾಗ ಬರೆಯಿರಿ. ಒಂದೊಂದಕ್ಕೂ ಒಂದು ಪ್ರಶ್ನೆ.
2. ಒಂದಾದರೂ ಕೆಲಸವನ್ನು ಎದುರಿಗೇ ಮಾಡಿಸಿ ನೋಡಿ. ಅರ್ಧ ದಿನ, ಒಂದು ದಿನ ಮಾಡಿಸಿದರೆ ಕೂಲಿ ಕೊಡಿ.
3. ಬಂದವರಿಗೆಲ್ಲ ಅದೇ ಪ್ರಶ್ನೆ, ಅದೇ ಕ್ರಮ. ಪರಿಚಯದವರಿಗೂ ಅದೇ.
4. ಒಳ್ಳೆಯ, ಸಾಧಾರಣ, ಕೆಟ್ಟ ಉತ್ತರ ಯಾವುದೆಂದು ಮೊದಲೇ ಬರೆದಿಡಿ. ಪ್ರತಿ ಉತ್ತರಕ್ಕೂ ಕೂಡಲೇ ಅಂಕ ಹಾಕಿ.
5. ಜಾತಿ, ಮದುವೆ, ಮಕ್ಕಳ ಪ್ರಶ್ನೆ ಬೇಡ. ಒಗಟೂ ಬೇಡ.
6. ಅನಿಸಿಕೆ ಕೊನೆಗೆ ಇರಲಿ.

ಸಣ್ಣ ಊರಿನಲ್ಲಿ ಇದಕ್ಕೆ ಇನ್ನೊಂದು ಲಾಭ ಇದೆ. ಕೆಲಸ ಸಿಗದವರ ಅಪ್ಪ ನಾಳೆ ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕೇ ಸಿಗುತ್ತಾರೆ. "ನಮ್ಮ ಹುಡುಗನ್ನ ಯಾಕಣ್ಣ ತಗೊಳ್ಳಲಿಲ್ಲ?" ಎಂದು ಕೇಳುತ್ತಾರೆ. ಆಗ "ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟಿದ್ದೆ, ಇನ್ನೊಬ್ಬರು ಸರಿಯಾಗಿ ಮಾಡಿದರು, ನೋಡಿ" ಎಂದು ಆ ಕಾಗದ ತೋರಿಸಬಹುದು. ತುರುವೇಕೆರೆ ಕಡೆಯಿಂದ ಬಂದ ಆ ಹುಡುಗಿಗೂ 65,340 ಎಂದು ಬರೆದು ತೋರಿಸಲು ಒಂದು ಅವಕಾಶ ಸಿಕ್ಕಿರುತ್ತದೆ.